ಗೋಡೆಯ ಮೇಲಿನ ಭಾವಚಿತ್ರ: ಬೇರೆ ದೇಶಕ್ಕೆ ಆಡಲಿರುವ ನಮ್ಮ ಹುಡುಗಿ ಮತ್ತು ಮಿಯಾ ಔದಿನಾ ಅವರ ಎರಡು ಬೆಳ್ಳಿ

ಅಂಗಣದ ತರಬೇತುದಾರ, ಧಾರವಾಡ

ಆಟ ಬಲ್ಲ ಹಿರಿಯರ ಅಭಿಪ್ರಾಯ ಕೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಧಾರವಾಡದಲ್ಲಿ ಇಪ್ಪತ್ತೊಂದು ವರ್ಷಗಳಿಂದ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುತ್ತ ಬಂದಿದ್ದೇನೆ. ನಮ್ಮ ಅಂಗಣದ ಪಶ್ಚಿಮದ ಗೋಡೆಯಲ್ಲಿ, ಕುಡಿಯುವ ನೀರಿನ ಹರವಿ ಇಟ್ಟಿರುವ ಮೂಲೆಯ ಮೇಲ್ಗಡೆ, ಇಲ್ಲಿ ಕಲಿತು ರಾಜ್ಯಮಟ್ಟದಲ್ಲಿ ಆಡಿದ ಹನ್ನೊಂದು ಮಕ್ಕಳ ಭಾವಚಿತ್ರಗಳನ್ನು ತೂಗುಹಾಕಿದ್ದೇವೆ. ಅವುಗಳಲ್ಲಿ ಒಂದನ್ನು ತೆಗೆದುಬಿಡಬೇಕೆಂಬ ಮಾತು ಕಳೆದ ವಾರ ನಡೆದ ಪಾಲಕರ ಸಭೆಯಲ್ಲಿ ಬಂದಿತು.

ಆ ಹುಡುಗಿ ನಮ್ಮಲ್ಲಿಗೆ ಬಂದಾಗ ಅವಳಿಗೆ ಏಳು ವರ್ಷ. ತಾಯಿ ಮೆಟ್ಟಿಲ ಮೇಲೆ ಕುಳಿತು ಸಂಜೆಯ ಅಡುಗೆಗೆ ಅವರೆಕಾಯಿ ಸುಲಿಯುತ್ತಿದ್ದರು, ಮಗಳು ಒಳಗೆ ಗೋಡೆಗೆ ಷಟಲ್ ಹೊಡೆಯುತ್ತಿದ್ದಳು. ಬ್ಯಾಕ್‌ಹ್ಯಾಂಡ್, ಅಂದರೆ ಕೈಯ ಹಿಂಬದಿಯನ್ನು ಮುಂದೆ ಮಾಡಿ ಹೊಡೆಯುವ ಹೊಡೆತ, ಆಡುವಾಗ ಹೆಬ್ಬೆರಳು ರಾಕೆಟ್ ಹಿಡಿಯ ಅಗಲವಾದ ಬದಿಗೆ ಒತ್ತಿಕೊಳ್ಳಬೇಕು. ಅವಳ ಹೆಬ್ಬೆರಳು ಪ್ರತಿ ಸಲವೂ ಜಾರಿ ಅಂಚಿಗೆ ಹೋಗುತ್ತಿತ್ತು. ಅದನ್ನು ಸರಿಪಡಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. 2018ರಲ್ಲಿ ತಂದೆಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿ ಕುಟುಂಬ ಹೊರಟುಹೋಯಿತು. ಈಗ ಅವರೆಲ್ಲರಿಗೂ ಅಲ್ಲಿನ ಪೌರತ್ವ ದೊರೆತಿದ್ದು, ಆ ದೇಶದ ಕಿರಿಯರ ತರಬೇತಿ ಶಿಬಿರಕ್ಕೆ ಅವಳಿಗೆ ಕರೆ ಬಂದಿದೆ. ಈ ಸುದ್ದಿಯನ್ನು ನಾನೇ ಸಂತೋಷದಿಂದ ಸಭೆಯಲ್ಲಿ ಹೇಳಿದೆ. ಅದಕ್ಕೆ ಒಬ್ಬ ಪಾಲಕರು, "ನಾಳೆ ನಮ್ಮ ದೇಶದ ಹುಡುಗಿಯನ್ನು ಸೋಲಿಸಲು ಹೊರಟವಳ ಚಿತ್ರ ನಮ್ಮ ಮಕ್ಕಳ ಕಣ್ಣೆದುರು ಏಕಿರಬೇಕು?" ಎಂದು ಕೇಳಿದರು. ಇನ್ನಿಬ್ಬರು ಅವರ ಮಾತಿಗೆ ಹೌದೆಂದರು. ನನಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ.

ಹಳೆಯ ಆಟಗಾರ, ಹುಬ್ಬಳ್ಳಿ

ತಮ್ಮ ಶ್ರಮದ ಬಗ್ಗೆ ನನಗೆ ಗೌರವವಿದೆ; ಆದರೂ ಮನಸ್ಸಿನಲ್ಲಿದ್ದುದನ್ನು ಹೇಳಿಯೇ ತೀರಬೇಕು. ನಾನು ಆ ಪಾಲಕರ ಪಕ್ಷದಲ್ಲಿದ್ದೇನೆ. ನಾವು ನೀರೆರೆದು ಬೆಳೆಸಿದ ಗಿಡದ ಹಣ್ಣು ಪರರ ಹಿತ್ತಲಿಗೆ ಬಿದ್ದರೆ ಹೊಟ್ಟೆಯುರಿಯುವುದು ಸಹಜವೆಂದು ಹೇಳಿ ಸುಮ್ಮನಾಗುವವನಲ್ಲ ನಾನು, ಏಕೆಂದರೆ ನನ್ನ ಪ್ರಶ್ನೆ ಹೊಟ್ಟೆಯುರಿಯದ್ದಲ್ಲ, ಋಣದ್ದು. ಒಂದು ಮಗುವಿಗೆ ಆರು ವರ್ಷ ಕಲಿಸುವುದೆಂದರೆ ಎಷ್ಟು ಡಬ್ಬಿ ಷಟಲ್, ಎಷ್ಟು ಸಂಜೆ, ಎಷ್ಟು ಹಿರಿಯ ಮಕ್ಕಳು ತಮ್ಮ ಆಟ ಬಿಟ್ಟು ಅವಳ ಎದುರು ನಿಂತು ಷಟಲ್ ಎಸೆದದ್ದು, ಲೆಕ್ಕ ಹಾಕಿ ನೋಡಿ.

ಹೊರದೇಶಕ್ಕೆ ಹೋಗಿ ಬಾಳುವುದು ಬೇರೆ, ಹೊರದೇಶಕ್ಕಾಗಿ ಆಡುವುದು ಬೇರೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಸ್ಪರ್ಧೆಯ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್ ಅವರನ್ನು 15–3, 15–10ರಿಂದ ಸೋಲಿಸಿದ ನಂತರ ಡೆನ್ಮಾರ್ಕ್‌ಗೆ ಹೋಗಿ ನೆಲೆಸಿದರು, ಅಲ್ಲಿನ ಕ್ಲಬ್ ಪರವಾಗಿ ಆಡಿದರು, ಅಲ್ಲಿನ ಹೆಸರಾಂತ ಆಟಗಾರ ಮಾರ್ಟೆನ್ ಫ್ರಾಸ್ಟ್ ಅವರಂಥವರ ಜೊತೆ ಅಭ್ಯಾಸ ಮಾಡಿದರು. ಆದರೆ 1983ರಲ್ಲಿ ಅದೇ ದೇಶದ ಕೋಪನ್‌ಹೇಗನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಗೆದ್ದ ಕಂಚು ಭಾರತದ್ದು. ಮರಳಿ ಬಂದು 1994ರಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು. ಡೆನ್ಮಾರ್ಕ್‌ನ ಅನ್ನ ಉಂಡೂ ಅವರ ಅಂಗಿಯ ಬೆನ್ನಿನ ಮೇಲಿನ ಹೆಸರು ಬದಲಾಗಲಿಲ್ಲ.

ಓದುಗ, ಮಾಳಮಡ್ಡಿ

ಪ್ರಕಾಶ್ ಅವರ ಉದಾಹರಣೆ ದೊಡ್ಡದು, ನಿಜ. ಆದರೆ ಅವರು ಹೋಗುವಾಗ ಬೆಳೆದು ನಿಂತ ಆಟಗಾರ, ಆಲ್ ಇಂಗ್ಲೆಂಡ್ ಗೆದ್ದವರು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ತಂದೆತಾಯಿಯ ಬೆನ್ನ ಹಿಂದೆ ಹೋದ ಹುಡುಗಿಯನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ತೂಗುವುದು ನ್ಯಾಯವಲ್ಲ. ಈ ಚರ್ಚೆಗೆ ಹೆಚ್ಚು ಹತ್ತಿರವಾದ ಜೀವನ ಇಂಡೋನೇಷ್ಯಾದಲ್ಲಿ ಹುಟ್ಟಿದ ಆಟಗಾರ್ತಿ ಮಿಯಾ ಔದಿನಾ ಅವರದು. ನಾನು ಅವರ ಆಟವನ್ನು ಬಹಳ ವರ್ಷಗಳಿಂದ ಹಿಂಬಾಲಿಸಿ ಓದಿಕೊಂಡಿದ್ದೇನೆ. ಸ್ವಲ್ಪ ದೀರ್ಘವಾಗಿ ಬರೆಯಲು ಅನುಮತಿ ಇರಲಿ.

ಮಿಯಾ ಹುಟ್ಟಿದ್ದು 1979ರ ಆಗಸ್ಟ್‌ನಲ್ಲಿ, ಜಕಾರ್ತಾದಲ್ಲಿ. 1994ರಲ್ಲಿ ಅದೇ ಊರಿನಲ್ಲಿ ಉಬರ್ ಕಪ್ ಫೈನಲ್ ನಡೆಯಿತು. ಅದು ಮಹಿಳೆಯರ ತಂಡಗಳ ವಿಶ್ವ ಸ್ಪರ್ಧೆ. ಮೂರು ಸಿಂಗಲ್ಸ್, ಎರಡು ಡಬಲ್ಸ್, ಮೂರು ಗೆದ್ದ ತಂಡಕ್ಕೆ ಕಪ್. ಇಂಡೋನೇಷ್ಯಾ ಮತ್ತು ಚೀನಾ 2–2ರಲ್ಲಿ ಸಮವಾಗಿದ್ದಾಗ ಕೊನೆಯ ಪಂದ್ಯಕ್ಕೆ ಇಳಿದವಳು ಹದಿನಾಲ್ಕು ವರ್ಷದ ಮಿಯಾ. ಎದುರಿಗೆ ಹತ್ತೊಂಬತ್ತರ ಹರೆಯದ ಜಾಂಗ್ ನಿಂಗ್. ಮಿಯಾ ಗೆದ್ದಳು, ಇಂಡೋನೇಷ್ಯಾ 1975ರ ನಂತರ ಮೊದಲ ಬಾರಿಗೆ ಆ ಕಪ್ಪನ್ನು ಎತ್ತಿತು. ನಮ್ಮ ಎಂಟನೇ, ಒಂಬತ್ತನೇ ಇಯತ್ತೆಯ ಮಕ್ಕಳನ್ನು ಕಣ್ಣ ಮುಂದೆ ತಂದುಕೊಂಡು ಈ ಮಾತನ್ನು ಓದಬೇಕು. ಎರಡು ವರ್ಷದ ನಂತರ ಉಬರ್ ಕಪ್ ಮತ್ತೆ ಅವರದೇ ಆಯಿತು, ಅದೇ ವರ್ಷ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಿಯಾ ಫೈನಲ್ ತಲುಪಿ ಕೊರಿಯಾದ ಬಾಂಗ್ ಸೂ-ಹ್ಯುನ್ ಅವರಿಗೆ ಸೋತು ಬೆಳ್ಳಿ ಪಡೆದಳು. ಆಗಲೂ ಅವಳಿಗೆ ಹದಿನೇಳು ತುಂಬಿರಲಿಲ್ಲ. ಅದೇ ವೇದಿಕೆಯಲ್ಲಿ ಕಂಚಿನೊಂದಿಗೆ ನಿಂತಿದ್ದವರು 1992ರ ಚಿನ್ನ ಗೆದ್ದ ಸುಸಿ ಸುಸಾಂತಿ. ಒಂದು ತಲೆಮಾರು ಇನ್ನೊಂದಕ್ಕೆ ದಾರಿ ಬಿಡುತ್ತಿದೆ ಎಂದು ಆ ದೇಶದವರು ನೆಮ್ಮದಿಯಾಗಿದ್ದಿರಬೇಕು.

ಆಮೇಲೆ ಮಿಯಾ ಸುರಿನಾಮ್ ಮೂಲದ ಡಚ್ ಗಾಯಕರೊಬ್ಬರನ್ನು ಮದುವೆಯಾಗಿ ನೆದರ್ಲೆಂಡ್ಸ್‌ಗೆ ಹೋದರು. 2000ದ ಸಿಡ್ನಿಯಲ್ಲಿ ಅವರು ಆಡಿದ್ದು ನೆದರ್ಲೆಂಡ್ಸ್ ಪರವಾಗಿ, ಪದಕ ಬರಲಿಲ್ಲ. 2004ರ ಅಥೆನ್ಸ್‌ನಲ್ಲಿ ಸೆಮಿಫೈನಲ್‌ನಲ್ಲಿ ಚೀನಾದ ಗಾಂಗ್ ರುಯಿನಾ ಅವರನ್ನು ಸೋಲಿಸಿ ಫೈನಲ್‌ಗೆ ಬಂದಾಗ ಎದುರಿಗಿದ್ದವರು ಯಾರು? ಅದೇ ಜಾಂಗ್ ನಿಂಗ್. ಹತ್ತು ವರ್ಷಗಳ ಹಿಂದೆ ಹದಿನಾಲ್ಕರ ಹುಡುಗಿಗೆ ಸೋತ ಜಾಂಗ್ ನಿಂಗ್ ಅವರಿಗೆ ಮೊದಲ ವಿಶ್ವ ಪ್ರಶಸ್ತಿ ಸಿಕ್ಕಿದ್ದು 2003ರಲ್ಲಿ. ಅಥೆನ್ಸ್‌ಗೆ ಬರುವಾಗ ಅವರಿಗೆ ಇಪ್ಪತ್ತೊಂಬತ್ತು. ಮೊದಲ ಗೇಮನ್ನು ಮಿಯಾ 11–8ರಿಂದ ಗೆದ್ದರು. ಸರ್ವ್ ಕೈಯಲ್ಲಿದ್ದಾಗ ಮಾತ್ರ ಅಂಕ ಸಿಗುವ ಹಳೆಯ ಪದ್ಧತಿ ಆಗಿನದು. ಹನ್ನೊಂದು ಅಂಕ ಎಂಬುದು ಕಾಗದದಲ್ಲಿ ಸಣ್ಣದಾಗಿ ಕಾಣಿಸಿದರೂ ಒಂದೊಂದು ಅಂಕಕ್ಕೂ ಸರ್ವ್ ಅತ್ತಿಂದಿತ್ತ ನಾಲ್ಕಾರು ಬಾರಿ ಹೋಗಿಬರಬಹುದಿತ್ತು. ಉಳಿದೆರಡು ಗೇಮುಗಳನ್ನು ಜಾಂಗ್ ನಿಂಗ್ 11–6, 11–7ರಿಂದ ಗೆದ್ದರು. ಮಿಯಾ ಅವರಿಗೆ ಮತ್ತೆ ಬೆಳ್ಳಿ. ಬ್ಯಾಡ್ಮಿಂಟನ್‌ನಲ್ಲಿ ನೆದರ್ಲೆಂಡ್ಸ್‌ಗೆ ಬಂದ ಮೊದಲ ಒಲಿಂಪಿಕ್ ಪದಕ ಅದು.

ಈಗ ಹೇಳಿ, ಆ ಎರಡನೆಯ ಬೆಳ್ಳಿಯಲ್ಲಿ ಜಕಾರ್ತಾದ ಪಾಲು ಇಲ್ಲವೇ? 1994ರಲ್ಲಿ ಜಾಂಗ್ ನಿಂಗ್ ಅವರನ್ನು ಸೋಲಿಸಿದ ಕೈ, 2004ರಲ್ಲಿ ಮೊದಲ ಗೇಮ್ ಗೆದ್ದ ಕೈ ಒಂದೇ. ಮದುವೆಯಾಗಿ ಹೋದಾಕ್ಷಣ ಆ ಕೈಗೆ ಕಲಿಸಿದ ಅಂಗಣ ಬದಲಾಗಲಿಲ್ಲ.

ಹಳೆಯ ಆಟಗಾರ, ಹುಬ್ಬಳ್ಳಿ

ತಾವು ಬರೆದುದನ್ನು ಎರಡು ಸಲ ಓದಿದೆ. ಆದರೆ ತಮ್ಮ ಬರಹದಲ್ಲಿ ಇಂಡೋನೇಷ್ಯಾದವರ ಸಂಕಟಕ್ಕೆ ಒಂದೇ ಸಾಲು ಸಿಕ್ಕಿದೆ. 1996ರ ಆ ಕಪ್ಪೇ ಅವರ ಕೊನೆಯ ಉಬರ್ ಕಪ್. ಒಲಿಂಪಿಕ್ಸ್‌ನ ಮಹಿಳಾ ಸಿಂಗಲ್ಸ್‌ನಲ್ಲಿ ಅವರಿಗೆ ಮುಂದಿನ ಪದಕ ಬಂದದ್ದು 2008ರಲ್ಲಿ, ಮಾರಿಯಾ ಕ್ರಿಸ್ಟಿನ್ ಅವರ ಕಂಚು. ಅದರ ನಂತರದ್ದು 2024ರಲ್ಲಿ, ಗ್ರೆಗೋರಿಯಾ ಮಾರಿಸ್ಕಾ ಅವರ ಕಂಚು. ಅತ್ತ ಮಿಯಾ ಇದ್ದ ನೆದರ್ಲೆಂಡ್ಸ್ 2006ರಲ್ಲಿ ಟೋಕಿಯೊದ ಉಬರ್ ಕಪ್ ಫೈನಲ್‌ವರೆಗೆ ಹೋಯಿತು. ಆ ತಂಡದಲ್ಲಿದ್ದ ಯಾವೊ ಜೀ ಕೂಡ ಚೀನಾದಲ್ಲಿ ಹುಟ್ಟಿ ಬೆಳೆದವರು. ಒಬ್ಬಳು ಹೋದರೆ ಒಂದು ಪದಕ ಮಾತ್ರ ಹೋಗುವುದಿಲ್ಲ. ಅವಳ ಎದುರು ನಿತ್ಯ ಆಡಿ ಬೆಳೆಯಬೇಕಾಗಿದ್ದ ಹತ್ತು ಹುಡುಗಿಯರ ಅಭ್ಯಾಸವೂ ಹೋಗುತ್ತದೆ. ಇದು ಅಂಗಣದಲ್ಲಿ ನಿಂತವರಿಗೆ ಗೊತ್ತಿರುವ ಸಂಗತಿ.

ಕಾನೂನು ಬಲ್ಲವ, ವಿದ್ಯಾನಗರ

ಕೆಲವು ಸಂಗತಿಗಳನ್ನು ಸ್ಪಷ್ಟಪಡಿಸುವುದು ಒಳ್ಳೆಯದು, ಏಕೆಂದರೆ ಇಲ್ಲಿ ಹುಡುಗಿಯ ಆಯ್ಕೆ ಎಂದು ನಾವು ಕರೆಯುತ್ತಿರುವುದರಲ್ಲಿ ಆಯ್ಕೆಯ ಭಾಗ ಎಷ್ಟೆಂಬುದು ಅದರಿಂದ ತಿಳಿಯುತ್ತದೆ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ ಇನ್ನೊಂದು ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವರ ಭಾರತೀಯ ಪೌರತ್ವ ಅಲ್ಲಿಗೆ ಮುಗಿಯುತ್ತದೆ. ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಅವಕಾಶ ನಮ್ಮಲ್ಲಿಲ್ಲ. ಸಾಗರೋತ್ತರ ಭಾರತೀಯರಿಗೆ ಕೊಡುವ ಕಾರ್ಡು ಪ್ರವಾಸಕ್ಕೂ ವಾಸಕ್ಕೂ ಅನುಕೂಲ ಮಾಡಿಕೊಡುತ್ತದೆಯೇ ಹೊರತು ಅದು ಪೌರತ್ವವಲ್ಲ. ಭಾರತದ ತಂಡಕ್ಕೆ ಆಡಲು ಭಾರತದ ಪಾಸ್‌ಪೋರ್ಟೇ ಬೇಕೆಂದು 2008ರಲ್ಲಿ ಕೇಂದ್ರ ಸರ್ಕಾರ ನಿಲುವು ತಳೆದಾಗ ಹೊರದೇಶದ ಪಾಸ್‌ಪೋರ್ಟ್ ಹೊಂದಿದ್ದ ಟೆನಿಸ್ ಆಟಗಾರರು ತಂಡದ ಹೊರಗೆ ಉಳಿಯಬೇಕಾಯಿತು.

ಒಲಿಂಪಿಕ್ ಸನ್ನದಿನ 41ನೇ ನಿಯಮದಂತೆ ಆಟಗಾರ ತಾನು ಪ್ರತಿನಿಧಿಸುವ ದೇಶದ ಪ್ರಜೆಯಾಗಿರಬೇಕು; ಮೊದಲು ಬೇರೆ ದೇಶಕ್ಕೆ ಆಡಿದ್ದರೆ ಕೊನೆಯ ಬಾರಿ ಆಡಿದ ದಿನದಿಂದ ಮೂರು ವರ್ಷ ಕಳೆದಿರಬೇಕು, ಸಂಬಂಧಪಟ್ಟ ಒಲಿಂಪಿಕ್ ಸಂಸ್ಥೆಗಳು ಮತ್ತು ಆ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಿದರೆ ಆ ಅವಧಿ ಕಡಿಮೆಯಾಗಬಹುದು. ತರಬೇತುದಾರರು ಹೇಳಿದ ಹುಡುಗಿ ಭಾರತದ ಅಂಗಿ ತೊಟ್ಟು ಎಂದೂ ಆಡಿದವಳಲ್ಲ. ಹಾಗಾಗಿ ಅವಳು ದೇಶ ಬದಲಿಸಿದಳು ಎನ್ನುವುದೇ ಕಟ್ಟುನಿಟ್ಟಾಗಿ ನೋಡಿದರೆ ಸರಿಯಲ್ಲ. ಅವಳಿಗೆ ಇಂದು ಇರುವ ದಾರಿ ಎರಡೇ: ಜರ್ಮನಿಗೆ ಆಡುವುದು, ಇಲ್ಲವೇ ಯಾವ ದೇಶಕ್ಕೂ ಆಡದೆ ಇರುವುದು.

ತಾಯಿ, ಬೆಟಗೇರಿ

ನನ್ನ ಮಗಳು ಬೆಟಗೇರಿಯಿಂದ ಹುಬ್ಬಳ್ಳಿಗೆ ವಾರಕ್ಕೆ ನಾಲ್ಕು ದಿನ ಅಭ್ಯಾಸಕ್ಕೆ ಹೋಗುತ್ತಾಳೆ. ನಸುಕಿನ ಬಸ್ಸು ತಪ್ಪಿದರೆ ಆ ದಿನದ ಅಭ್ಯಾಸ ತಪ್ಪಿದಂತೆ. ಗದಗಿನ ಸುನೀಲ್ ಜೋಶಿಯವರು ಹುಡುಗರಾಗಿದ್ದಾಗ ಕ್ರಿಕೆಟ್ ಅಭ್ಯಾಸಕ್ಕಾಗಿ ಇದೇ ದಾರಿಯಲ್ಲಿ ಓಡಾಡಿದವರು ಎಂಬುದನ್ನು ನೆನೆದು ನಾವು ಧೈರ್ಯ ತಂದುಕೊಳ್ಳುತ್ತೇವೆ.

ಮಿಯಾ ಅವರ ವಿಷಯ ಓದಿದಾಗ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಮದುವೆಯಾದ ಮೇಲೆ ಹೆಣ್ಣು ತಾನು ಕಲಿತ ರೊಟ್ಟಿ, ಕಸೂತಿ, ಹಾಡು ಎಲ್ಲವನ್ನೂ ಹೊತ್ತು ಗಂಡನ ಮನೆಗೆ ಹೋಗುತ್ತಾಳೆ. ಅಲ್ಲಿ ಅವಳು ಮಾಡಿದ ಹೋಳಿಗೆಯನ್ನು ಉಂಡವರು ಹೊಗಳಿದರೆ ತವರಿನವರು ಹಿಗ್ಗುತ್ತಾರೆಯೇ ವಿನಾ ನಮ್ಮ ಹೋಳಿಗೆ ಕಳವಾಯಿತು ಎನ್ನುವುದಿಲ್ಲ. ತವರಿನ ಗೋಡೆಯ ಮೇಲೆ ಅವಳ ಚಿತ್ರ ಇದ್ದೇ ಇರುತ್ತದೆ. ಮಿಯಾ ಅವರು ಗಂಡನ ಊರಿಗೆ ಹೋದರು, ರಾಕೆಟ್ ಕೆಳಗಿಡಲಿಲ್ಲ. ಇಷ್ಟು ಹೆಣ್ಣುಮಕ್ಕಳು ಮದುವೆಯೊಂದಿಗೆ ಆಟ ಬಿಟ್ಟದ್ದನ್ನು ನಾವು ಕಂಡಿರುವಾಗ, ಅವರು ಬಿಡಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಸಂಗೀತ ಕೇಳುಗ, ಗದಗ

ತಾಯಿಯವರ ಮಾತಿಗೆ ಒಂದು ಮಾತು ಸೇರಿಸುತ್ತೇನೆ. ಭೀಮಸೇನ ಜೋಶಿಯವರು ನಮ್ಮ ಜಿಲ್ಲೆಯ ನೆಲದವರು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತವರು, ಬಾಳಿದ್ದು ಪುಣೆಯಲ್ಲಿ. ಅವರು ಮರಾಠಿ ಅಭಂಗ ಹಾಡಿದಾಗಲೂ ಗದಗಿನಲ್ಲಿ ಯಾರೂ ಅವರನ್ನು ಹೊರಗಿನವರೆಂದು ಬಗೆದಿಲ್ಲ. ಹಾಡಿಗೆ ಎದುರಾಳಿ ಇರುವುದಿಲ್ಲ, ಆಟಕ್ಕೆ ಇರುತ್ತಾನೆ ಎಂಬ ವ್ಯತ್ಯಾಸವನ್ನು ನಾನು ಬಲ್ಲೆ. ಆದರೂ ಗೋಡೆಯ ಮೇಲೆ ತೂಗುಹಾಕುವುದು ಕಲಿತವರ ಚಿತ್ರವನ್ನು ತಾನೇ?

ದೈಹಿಕ ಶಿಕ್ಷಣ ಶಿಕ್ಷಕ, ಹಾವೇರಿ ಜಿಲ್ಲೆ

ಇಲ್ಲಿಯವರೆಗಿನ ಮಾತೆಲ್ಲ ಮದುವೆ, ನೌಕರಿ ಎಂದು ದೇಶ ಬಿಟ್ಟವರ ಸುತ್ತ ನಡೆದಿದೆ. ಆದರೆ ಬ್ಯಾಡ್ಮಿಂಟನ್‌ನಲ್ಲಿ ದೇಶ ಬದಲಿಸಿದವರಲ್ಲಿ ಎಷ್ಟೋ ಮಂದಿ ಬಾಗಿಲು ಮುಚ್ಚಿದ್ದರಿಂದ ಹೊರಟವರು. ಚೀನಾದಲ್ಲಿ ರಾಷ್ಟ್ರೀಯ ತಂಡದ ಜಾಗ ಬೆರಳೆಣಿಕೆಯಷ್ಟು, ಕಾಯುವವರ ಸಾಲು ಉದ್ದ. ಶು ಹುವಾಯ್‌ವೆನ್ ಅಲ್ಲಿಂದ ಜರ್ಮನಿಗೆ ಹೋಗಿ, ಮೂವತ್ತು ದಾಟಿದ ಮೇಲೆ, 2006 ಮತ್ತು 2008ರಲ್ಲಿ ಯುರೋಪಿನ ಚಾಂಪಿಯನ್ ಆದರು. ಪಿ ಹೊಂಗ್‌ಯಾನ್ ಫ್ರಾನ್ಸ್‌ಗೆ ಹೋದರು. ಅವರ ಆಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. 2009ರ ಆಗಸ್ಟ್‌ನಲ್ಲಿ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ನಾವು ಮೂವರು ಶಿಕ್ಷಕರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿದ್ದೆವು. ಸೈನಾ ಅವರ ಪಂದ್ಯ ನೋಡಲೆಂದು ಹೋದವರು ನಾವು. ಊರಿಗೆ ಮರಳುವಾಗ ಮಾತೆಲ್ಲ ಈ ಗಿಡ್ಡ ಆಟಗಾರ್ತಿಯ ಕಾಲುಗಳ ಬಗ್ಗೆ. ಬಲೆಯ ಬಳಿ ಬಾಗಿ ಎತ್ತಿದ ಷಟಲ್ ಎದುರಾಳಿಯ ತಲೆಯ ಮೇಲೆ ಹೋಗುವಷ್ಟರಲ್ಲಿ ಅವರು ಮತ್ತೆ ಅಂಗಣದ ನಡುವಿಗೆ ಬಂದು ನಿಂತಿರುತ್ತಿದ್ದರು. ಸೆಮಿಫೈನಲ್‌ನಲ್ಲಿ ಸೋತದ್ದು ಚೀನಾದ ಆಟಗಾರ್ತಿಗೇ. ಕಂಚು ಫ್ರಾನ್ಸ್‌ನ ಖಾತೆಗೆ ಹೋಯಿತು.

ಜಾಂಗ್ ಬೇಯ್‌ವೆನ್ ಅವರದು ಇನ್ನೂ ಕಠಿಣವಾದ ದಾರಿ. ಚೀನಾದ ಲಿಯಾವೊನಿಂಗ್‌ನಲ್ಲಿ 1990ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಸಿಂಗಪುರಕ್ಕೆ ಹೋಗಿ ಆ ದೇಶಕ್ಕೆ ಆಡಿ, ಅದೂ ಮುಗಿದ ಮೇಲೆ ಅಮೆರಿಕಕ್ಕೆ ಹೋದರು. ಅಲ್ಲಿ ಚೀನಾದಲ್ಲಿರುವಂಥ ಸರ್ಕಾರಿ ವ್ಯವಸ್ಥೆ ಇಲ್ಲ. ಪ್ರಯಾಣದ ಖರ್ಚನ್ನು ಬಹುಪಾಲು ತಾವೇ ಹೊತ್ತು, ಎಷ್ಟೋ ಸಲ ಪಕ್ಕದ ಕುರ್ಚಿಯಲ್ಲಿ ತರಬೇತುದಾರರಿಲ್ಲದೆ ಆಡಿದವರು. 2018ರ ಫೆಬ್ರವರಿಯಲ್ಲಿ ದೆಹಲಿಯ ಇಂಡಿಯಾ ಓಪನ್ ಫೈನಲ್‌ನಲ್ಲಿ ನಮ್ಮ ಸಿಂಧು ಅವರನ್ನು 21–18, 11–21, 22–20ರಿಂದ ಸೋಲಿಸಿದರು. ಆ ದಿನ ದೂರದರ್ಶನದ ಮುಂದೆ ಕುಳಿತು ನಾನು ಬಹಳ ನೊಂದುಕೊಂಡೆ. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಲು ಅವರು ಜನರಲ್ಲಿ ದೇಣಿಗೆ ಕೇಳಬೇಕಾಯಿತೆಂದು ತಿಳಿದಾಗ ಆ ನೋವಿನ ಬಣ್ಣವೇ ಬದಲಾಯಿತು. ಅಮೆರಿಕದ ಪೌರತ್ವ ಪಡೆದು ಟೋಕಿಯೊ ಒಲಿಂಪಿಕ್ಸ್‌ಗೆ ಹೋದರೆ, ಹೆ ಬಿಂಗ್‌ಜಿಯಾವೊ ವಿರುದ್ಧದ ಪಂದ್ಯದ ನಡುವೆ ಹಿಮ್ಮಡಿಯ ಸ್ನಾಯುರಜ್ಜು ಹರಿದು ಅಂಗಣದಲ್ಲೇ ಕುಸಿದರು. ಮೂವತ್ತೊಂದರ ವಯಸ್ಸಿನಲ್ಲಿ ಹಾಗಾದರೆ ಹೆಚ್ಚಿನವರ ಆಟ ಮುಗಿದಂತೆ. ಅವರು 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಆಡಿದರು. ಮೂರು ದೇಶಗಳ ನಡುವೆ ಓಡಾಡಿದ ಇವರನ್ನು ಯಾವ ದೇಶಕ್ಕೂ ನಿಷ್ಠರಲ್ಲ ಎನ್ನಬಹುದು. ಆಟಕ್ಕೆ ನಿಷ್ಠರಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಅಂಗಣದ ತರಬೇತುದಾರ, ಧಾರವಾಡ

ಇಷ್ಟು ಮಂದಿ ಮನಸ್ಸಿಟ್ಟು ಬರೆದಿರುವುದಕ್ಕೆ ಕೃತಜ್ಞನಾಗಿದ್ದೇನೆ. ಹುಬ್ಬಳ್ಳಿಯ ಹಿರಿಯರು ಎತ್ತಿದ ಪ್ರಶ್ನೆಯನ್ನು ನಾನು ಬದಿಗಿಡಲಾರೆ, ಏಕೆಂದರೆ ಅವಳು ಹೋದ ಮೇಲೆ ನನ್ನ ಅಂಗಣದಲ್ಲಿ ಅದೇ ಆಯಿತು. ಅವಳ ಓರಗೆಯ ಮೂವರು ಹುಡುಗಿಯರಿಗೆ ಸರಿಸಮಾನ ಎದುರಾಳಿ ಇಲ್ಲದೆ ಎರಡು ವರ್ಷ ಆಟ ನಿಂತಲ್ಲೇ ನಿಂತಿತು, ಒಬ್ಬಳು ಬಿಟ್ಟೇಬಿಟ್ಟಳು.

ಆದರೆ ಹೋದವರ ಆಟ ಹೋದ ಕಡೆ ಏನು ಮಾಡುತ್ತದೆ ಎಂಬುದನ್ನೂ ನೋಡಬೇಕು. ಟೋನಿ ಗುನವಾನ್ ಅವರು 2000ದ ಸಿಡ್ನಿಯಲ್ಲಿ ಚಂದ್ರ ವಿಜಯ ಅವರ ಜೊತೆಗೂಡಿ ಇಂಡೋನೇಷ್ಯಾಕ್ಕೆ ಡಬಲ್ಸ್ ಚಿನ್ನ ತಂದವರು, ಮರುವರ್ಷ ಹಲೀಮ್ ಹರ್ಯಾಂತೊ ಜೊತೆ ವಿಶ್ವ ಚಾಂಪಿಯನ್ ಆದವರು. ಓದಿಗಾಗಿ ಅಮೆರಿಕಕ್ಕೆ ಹೋದರು. 2005ರಲ್ಲಿ ಅಲ್ಲಿನ ಅನಹೈಮ್‌ನಲ್ಲಿ ಹೊವಾರ್ಡ್ ಬಾಕ್ ಅವರನ್ನು ಜೊತೆಗಿಟ್ಟುಕೊಂಡು ಅಮೆರಿಕಕ್ಕೆ ಬ್ಯಾಡ್ಮಿಂಟನ್‌ನ ಮೊದಲ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟರು. ಫೈನಲ್‌ನಲ್ಲಿ ಬಲೆಯ ಆ ಬದಿಯಲ್ಲಿದ್ದ ಜೋಡಿಯಲ್ಲಿ ಒಬ್ಬರು ಅದೇ ಚಂದ್ರ ವಿಜಯ. ಐದು ವರ್ಷಗಳ ಹಿಂದೆ ಒಂದೇ ವೇದಿಕೆಯಲ್ಲಿ ನಿಂತವರು ಎದುರುಬದುರಾಗಿದ್ದರು. ಡಬಲ್ಸ್ ಕಲಿಸುವವನಾಗಿ ನಾನು ಇದನ್ನು ಹೀಗೆ ಕಾಣುತ್ತೇನೆ: ಜೊತೆಗಾರ ಸರ್ವ್ ಮಾಡುವಾಗ ಹಿಂದೆ ನಿಂತವನು ಅವನ ಹೆಗಲಿನ ಚಲನೆಯಿಂದಲೇ ಮುಂದಿನ ಹೊಡೆತವನ್ನು ಊಹಿಸುತ್ತಾನೆ, ಅಷ್ಟು ಹತ್ತಿರದಿಂದ ಬಲ್ಲವನನ್ನು ಎದುರಿಸುವುದು ಇಬ್ಬರಿಗೂ ಸುಲಭವಾಗಿರಲಾರದು.

ಇನ್ನೊಬ್ಬರನ್ನು ಹೇಳದೆ ಇರಲಾರೆ. ಟಾಂಗ್ ಸಿನ್ ಫು ಹುಟ್ಟಿದ್ದು ಇಂಡೋನೇಷ್ಯಾದಲ್ಲಿ, ಚೀನೀ ಮೂಲದ ಮನೆಯಲ್ಲಿ. 1960ರ ಸುಮಾರಿಗೆ ಚೀನಾಕ್ಕೆ ಹೋಗಿ ಅಲ್ಲಿ ದೊಡ್ಡ ಆಟಗಾರರಾದರು. ಮುಂದೆ ಹುಟ್ಟಿದ ನಾಡಿಗೆ ಮರಳಿ ಬಂದು ತರಬೇತುದಾರರಾದರು. 1992ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅಲನ್ ಬುಡಿಕುಸುಮಾ ಈ ಟಾಂಗ್ ಅವರ ಕೈಯಲ್ಲಿ ಪಳಗಿದವರು. ಇಷ್ಟೆಲ್ಲ ಮಾಡಿದವರಿಗೆ ಆ ದೇಶದ ಪೌರತ್ವ ಸಿಗಲಿಲ್ಲ. 1998ರಲ್ಲಿ ಚೀನಾಕ್ಕೆ ಹಿಂದಿರುಗಿದರು, ಅಲ್ಲಿ ಅವರು ತಿದ್ದಿ ಬೆಳೆಸಿದವರಲ್ಲಿ ಲಿನ್ ಡಾನ್ ಒಬ್ಬರು. ಎರಡು ಒಲಿಂಪಿಕ್ ಚಿನ್ನ ಗೆದ್ದ ಆ ಲಿನ್ ಡಾನ್. ಹೋಗುವವರನ್ನು ದೂರುವ ಮೊದಲು ಉಳಿಯಬಯಸಿದವರನ್ನು ಯಾರು ಕಳಿಸಿದರು ಎಂದು ಕೇಳುವುದನ್ನು ಈ ಒಂದು ಜೀವನ ನನಗೆ ಕಲಿಸಿದೆ.

ಹಳೆಯ ಆಟಗಾರ, ಹುಬ್ಬಳ್ಳಿ

ಟಾಂಗ್ ಸಿನ್ ಫು ಅವರ ವಿಷಯ ನನಗೆ ತಿಳಿದಿರಲಿಲ್ಲ. ಕಾನೂನು ಬಲ್ಲವರು ಹೇಳಿದ ಎರಡೇ ದಾರಿಯ ಮಾತನ್ನೂ ನಾನು ಯೋಚಿಸಿರಲಿಲ್ಲ. ಯಾವ ದೇಶಕ್ಕೂ ಆಡದೆ ಇರು ಎಂದು ಹದಿಹರೆಯದ ಹುಡುಗಿಗೆ ಹೇಳುವ ಹಕ್ಕು ನನಗಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ಆದರೆ ಋಣದ ಪ್ರಶ್ನೆ ಹಾಗೆಯೇ ಇದೆ. ಫುಟ್‌ಬಾಲ್‌ನಲ್ಲಿ ಒಬ್ಬ ಆಟಗಾರ ಒಂದು ಕ್ಲಬ್ ಬಿಟ್ಟು ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದಾಗ ಆ ಮೊತ್ತದ ಶೇ 5ರಷ್ಟನ್ನು, ಅವನಿಗೆ 12ರಿಂದ 23ರ ವಯಸ್ಸಿನ ನಡುವೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚುವ ನಿಯಮವಿದೆ. ಎಲ್ಲೋ ಮೂಲೆಯ ಮೈದಾನದಲ್ಲಿ ಚೆಂಡು ಒದೆಯಲು ಕಲಿಸಿದವರಿಗೂ ಹೀಗೆ ಏನಾದರೂ ಸಂದೀತು. ನಮ್ಮ ಧಾರವಾಡದ ಅಂಗಣಕ್ಕೆ ಬರುವುದೇನು? ಅವಳ ಹೆಸರಿನ ಮುಂದೆ ಅಲ್ಲಿನ ಕ್ಲಬ್ಬಿನ ಹೆಸರು ಬರುತ್ತದೆ, ತರಬೇತುದಾರರ ಹೆಸರಿನ ಜಾಗದಲ್ಲಿ ಅಲ್ಲಿನವರ ಹೆಸರು.

ಅಂಗಣದ ತರಬೇತುದಾರ, ಧಾರವಾಡ

ಹಣದ ಆಸೆ ನನಗಿಲ್ಲ, ಆದರೆ ತಾವು ಹೇಳಿದ್ದು ನನ್ನೊಳಗಿನ ಮಾತೇ ಹೌದು. ಅದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಮೊನ್ನೆ ಅವಳ ತಂದೆ ಅಲ್ಲಿನ ಒಂದು ಪಂದ್ಯದ ವಿಡಿಯೊ ಕಳಿಸಿದ್ದರು. ಆಟ ಬಹಳ ಬದಲಾಗಿದೆ. ಸ್ಮ್ಯಾಷ್ ಹೊಡೆದು ಮುಂದೆ ಬರುವ ರೀತಿ, ಅಗಲ ಹೆಜ್ಜೆ, ಕಾಲಿನ ಬಲ, ಇವೆಲ್ಲ ಅಲ್ಲಿ ಕಲಿತದ್ದು. ನನ್ನಿಂದ ಅದು ಆಗುತ್ತಿರಲಿಲ್ಲ ಎಂದು ಸಂಕೋಚವಿಲ್ಲದೆ ಹೇಳಬಲ್ಲೆ. ಎರಡನೇ ಗೇಮಿನ ನಡುವೆ ಎಡ ಮೂಲೆಗೆ ಬಿದ್ದ ಒಂದು ಷಟಲನ್ನು ಬ್ಯಾಕ್‌ಹ್ಯಾಂಡ್‌ನಲ್ಲಿ ಎದುರಿನ ಮೂಲೆಗೆ ಕಳಿಸಿದಳು. ವಿಡಿಯೊವನ್ನು ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಹೆಬ್ಬೆರಳು ಹಿಡಿಯ ಅಗಲ ಬದಿಗೆ ಒತ್ತಿಕೊಂಡಿತ್ತು.

ಭಾನುವಾರ ಪಾಲಕರ ಸಭೆ ಮತ್ತೆ ಸೇರಲಿದೆ. ಇಲ್ಲಿ ಬಂದ ಮಾತುಗಳನ್ನು ಅಲ್ಲಿ ಓದಿ ಹೇಳುತ್ತೇನೆ.

ತಾಯಿ, ಬೆಟಗೇರಿ

ಸಭೆಯಲ್ಲಿ ದಯವಿಟ್ಟು ಆಟ ಬಿಟ್ಟ ಆ ಹುಡುಗಿಯ ವಿಷಯವನ್ನೂ ಎತ್ತಿ. ಅವಳಿಗೆ ಎದುರಾಳಿ ಬೇಕಿದ್ದರೆ ನನ್ನ ಮಗಳನ್ನು ಶನಿವಾರಗಳಂದು ಧಾರವಾಡಕ್ಕೆ ಕರೆತರಲು ನಾನು ಸಿದ್ಧಳಿದ್ದೇನೆ. ವಯಸ್ಸಿನಲ್ಲಿ ಎರಡು ವರ್ಷ ಚಿಕ್ಕವಳಾದರೂ ಬಲೆಯ ಬಳಿ ಬಿಡುವವಳಲ್ಲ.

ಅಂಗಣದ ತರಬೇತುದಾರ, ಧಾರವಾಡ

ಸಭೆ ನಿನ್ನೆ ನಡೆಯಿತು. ಒಂದೂವರೆ ಗಂಟೆ ಮಾತಾಯಿತು, ಮೊದಲ ಸಲದಷ್ಟು ಬಿಸಿಯಾಗಲಿಲ್ಲ. ಚಿತ್ರ ತೆಗೆಯಬೇಕೆಂದಿದ್ದ ಪಾಲಕರು ಮಿಯಾ ಅವರ ಎರಡು ಬೆಳ್ಳಿಯ ಕಥೆಯನ್ನು ಸುಮ್ಮನೆ ಕೇಳಿ, ತಮ್ಮ ಅಭಿಪ್ರಾಯ ಬದಲಾಗಿಲ್ಲ, ಆದರೆ ಹಟ ಹಿಡಿಯುವುದಿಲ್ಲ ಎಂದರು. ಅವರ ಮಾತನ್ನು ನಾನು ಗೌರವಿಸುತ್ತೇನೆ. ಚಿತ್ರ ಅಲ್ಲೇ ಇದೆ. ಅವಳ ಹೆಸರಿನ ಕೆಳಗೆ "ಇಲ್ಲಿ ಆಡಿದ್ದು 2012–2018" ಎಂದು ಬರೆಯಿಸಿದೆವು. ಉಳಿದ ಹತ್ತು ಚಿತ್ರಗಳ ಕೆಳಗೂ ಇದೇ ರೀತಿ ವರ್ಷಗಳನ್ನು ಬರೆಯಿಸಲಿದ್ದೇವೆ. ಯಾವುದರ ಕೆಳಗೂ ದೇಶದ ಹೆಸರು ಮೊದಲೂ ಇರಲಿಲ್ಲ. ಆಟ ಬಿಟ್ಟ ಹುಡುಗಿಯ ಮನೆಗೆ ನಾನೇ ಹೋಗಿ ಬಂದೆ. ಶನಿವಾರ ಬರುವುದಾಗಿ ಹೇಳಿದ್ದಾಳೆ. ಬೆಟಗೇರಿಯ ತಾಯಿಯವರು ನಸುಕಿನ ಬಸ್ಸನ್ನೇ ಹಿಡಿದರೆ ಒಂಬತ್ತರೊಳಗೆ ಅಂಗಣ ಖಾಲಿ ಸಿಗುತ್ತದೆ.

ಹಳೆಯ ಆಟಗಾರ, ಹುಬ್ಬಳ್ಳಿ

ಶನಿವಾರ ನಾನೂ ಚಿಗರಿ ಬಸ್ಸು ಹತ್ತಿ ಬರುತ್ತೇನೆ. ಆ ಚಿತ್ರವನ್ನು ನೋಡಬೇಕಾಗಿದೆ. ಮಾರ್ಚ್ ತಿಂಗಳ ಒಣಹವೆಗೆ ಷಟಲ್‌ನ ಗರಿಗಳು ಬೇಗ ಮುರಿಯುತ್ತವೆ, ಹಿಂದಿನ ರಾತ್ರಿಯೇ ಡಬ್ಬಿಗಳಿಗೆ ಹಬೆ ಹಿಡಿಸಿ ಇಟ್ಟಿರಿ. ಎರಡು ಡಬ್ಬಿ ನಾನು ತರುತ್ತೇನೆ.